ಗಾಲಿಮನೆಯ ಬ್ಯಾಟರಿಗೆ ಕರೆಂಟು ತಲುಪಿತೇ?

ರಾತ್ರಿ ಎರಡು ಗಂಟೆಯ ಹೊತ್ತಿಗೆ ಹೀಟರಿನ ಫ್ಯಾನು ನಿಂತುಹೋಯಿತು. ಅರ್ಧ ಗಂಟೆಯಿಂದಲೇ ಅದರ ಸದ್ದು ಸೊರಗುತ್ತ ಬಂದಿತ್ತು. ಫ್ಯಾನು ನಿಂತ ಮೇಲೆ, ನೆಲದ ಹತ್ತಿರ ಗೋಡೆಗೆ ಕೂರಿಸಿದ್ದ ಗ್ಯಾಸ್ ಸೋರಿಕೆ ಎಚ್ಚರಿಸುವ ಪೆಟ್ಟಿಗೆ ಆಗಾಗ ಕೀಂಯ್ ಎನ್ನತೊಡಗಿತು. ಎರಡು ಕಂಬಳಿ ಹೊದ್ದು ಮಲಗಿದ್ದ ಅಮ್ಮ ಎದ್ದು ಕುಳಿತು, ಊರಿನಲ್ಲಿ ಕೇಳುವ ಹಾಗೆಯೇ ಕೇಳಿದರು: "ಕರೆಂಟು ಹೋಯ್ತೇನೋ?"

ನಾವಿದ್ದದ್ದು ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ದಕ್ಷಿಣದ ಅಂಚಿನ ಮ್ಯಾದರ್ ಕ್ಯಾಂಪ್‌ಗ್ರೌಂಡಿನಲ್ಲಿ. ಸಮುದ್ರಮಟ್ಟದಿಂದ ಸುಮಾರು 7,000 ಅಡಿ ಎತ್ತರದ ಜಾಗ. ಮಾರ್ಚ್ ತಿಂಗಳಲ್ಲಿ ಹಗಲು ಹಿತವಾದ ಬಿಸಿಲು, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಪೈನ್ ಮರಗಳ ನಡುವೆ ಗಾಡಿ ನಿಲ್ಲಿಸಲು ಜಾಗ ಕೊಡುತ್ತಾರೆ, ಆದರೆ ಕರೆಂಟಿನ ಕಂಬವಾಗಲಿ ಪ್ಲಗ್ಗಾಗಲಿ ಅಲ್ಲಿಲ್ಲ. ಫೀನಿಕ್ಸ್‌ನಲ್ಲಿರುವ ಅಕ್ಕ–ಭಾವ ಎರಡು ವರ್ಷದ ಹಿಂದೆ ಕೊಂಡಿದ್ದ ಹಳೆಯ ಮೋಟರ್‌ಹೋಮ್‌ನಲ್ಲಿ ನಾವೆಲ್ಲ ಎರಡನೆಯ ರಾತ್ರಿ ಕಳೆಯುತ್ತಿದ್ದೆವು. ಅಮ್ಮನಿಗೆ ಎಪ್ಪತ್ತೆರಡು ವರ್ಷ. ಚಳಿ ಅವರಿಗೆ ಒಗ್ಗುವುದಿಲ್ಲ.

ಊರಿನಲ್ಲಿ ಪಾಲಿಟೆಕ್ನಿಕ್ ಮಕ್ಕಳಿಗೆ ಎಲೆಕ್ಟ್ರಿಕಲ್ ಪಾಠ ಹೇಳುವವನು ನಾನು. ಆ ರಾತ್ರಿ ಮತ್ತು ಮರುದಿನ ಬೆಳಗ್ಗೆ ಕಂಡದ್ದನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ಮೋಟರ್‌ಹೋಮ್ ಇಟ್ಟುಕೊಂಡ ಅಮೆರಿಕದ ಕನ್ನಡಿಗರಿಗೆ ಇದು ನೇರವಾಗಿ ಬೇಕಾದದ್ದು. ಮನೆಯಲ್ಲಿ ಯುಪಿಎಸ್ ಬ್ಯಾಟರಿ ಇಟ್ಟುಕೊಂಡ ಇಲ್ಲಿನವರಿಗೂ ಬೇಕಾದದ್ದೇ, ಏಕೆಂದರೆ ಎರಡೂ ಕಡೆ ಕೆಲಸ ಮಾಡುವುದು ಅದೇ ಸೀಸ, ಅದೇ ಆಮ್ಲ.

ಒಂದು ಗಾಡಿ, ಎರಡು ಬ್ಯಾಟರಿ

ಸಿನಿಮಾ ಶೂಟಿಂಗ್ ಜಾಗದಲ್ಲಿ ನಿಲ್ಲುವ ಕ್ಯಾರವಾನ್ ನಮಗೆ ಗೊತ್ತು. ಮೋಟರ್‌ಹೋಮ್ ಕೂಡ ಅದೇ ಜಾತಿಯದು. ಹಾಸಿಗೆ, ಒಲೆ, ಫ್ರಿಜ್, ಬಚ್ಚಲು ಎಲ್ಲವೂ ಇರುವ, ತನ್ನದೇ ಎಂಜಿನ್‌ನಿಂದ ಓಡುವ ಮನೆ. ಅಯೋವಾ ರಾಜ್ಯದ ವಿನ್ನೆಬೇಗೊ ಕಂಪನಿ 1966ರಲ್ಲಿ ಇದನ್ನು ಕಾರ್ಖಾನೆಯಲ್ಲಿ ಸಾಲಾಗಿ ಜೋಡಿಸಿ ಮಾರಲು ತೊಡಗಿದ ಮೇಲೆ ಅಮೆರಿಕದ ಮಧ್ಯಮವರ್ಗದ ಸಂಸಾರಗಳ ಕೈಗೂ ಎಟುಕಿತು.

ಇಂಥ ಗಾಡಿಯಲ್ಲಿ ಬ್ಯಾಟರಿ ಎರಡು ಬಗೆ. ಒಂದು ಎಂಜಿನ್ ಸ್ಟಾರ್ಟ್ ಮಾಡುವುದಕ್ಕೆ. ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುವುದು ಅದರ ಕೆಲಸ. ಇನ್ನೊಂದು ಮನೆಯ ಬ್ಯಾಟರಿ. ಇದು ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಕೊಡುತ್ತ ಹೋಗಬೇಕು, ಹಾಗಾಗಿ ಇದರ ತಟ್ಟೆಗಳು ದಪ್ಪ. ಲೈಟು, ನೀರಿನ ಪಂಪು, ಹೀಟರಿನ ಫ್ಯಾನು, ಗ್ಯಾಸ್ ಎಚ್ಚರಿಕೆಯ ಪೆಟ್ಟಿಗೆ ಎಲ್ಲವೂ ಇದರ 12 ವೋಲ್ಟ್‌ನಲ್ಲೇ ನಡೆಯುತ್ತವೆ. ಗ್ಯಾಸಿನಿಂದ ಓಡುವ ಫ್ರಿಜ್‌ನ ನಿಯಂತ್ರಣ ಬೋರ್ಡಿಗೂ ಇದೇ ಬೇಕು. ಹೀಟರ್ ಉರಿಸುವುದು ಗ್ಯಾಸನ್ನೇ ಆದರೂ ಫ್ಯಾನು ಸಾಕಷ್ಟು ಗಾಳಿ ತಳ್ಳಿದ ಮೇಲೆಯೇ ಅದು ಹೊತ್ತಿಕೊಳ್ಳುತ್ತದೆ. ಗಾಳಿಯ ಒತ್ತಡಕ್ಕೆ ಬಾಗುವ ಸಣ್ಣ ರೆಕ್ಕೆಯೊಂದು ಒಳಗಿದ್ದು, ಅದು ಬಾಗದಿದ್ದರೆ ಗ್ಯಾಸ್ ಬಿಡುವುದೇ ಇಲ್ಲ. ಬ್ಯಾಟರಿ ಸೊರಗಿದರೆ ಫ್ಯಾನು ನಿಧಾನವಾಗುತ್ತದೆ, ರೆಕ್ಕೆ ಬಾಗುವುದಿಲ್ಲ, ಸಿಲಿಂಡರು ತುಂಬಿದ್ದರೂ ಮನೆ ತಣ್ಣಗಾಗುತ್ತದೆ. ನಮಗಾದದ್ದು ಇದೇ.

ಮನೆಯ ಬ್ಯಾಟರಿಗೆ ಚಾರ್ಜು ಮೂರು ನಾಲ್ಕು ದಾರಿಯಿಂದ ಬರುತ್ತದೆ. ಗಾಡಿ ಓಡುವಾಗ ಎಂಜಿನ್‌ನ ಆಲ್ಟರ್ನೇಟರ್ ಕೊಡುತ್ತದೆ. ಆಗ ಒಂದು ರಿಲೇ ಎರಡೂ ಬ್ಯಾಟರಿಗಳನ್ನು ಜೋಡಿಸಿ, ಎಂಜಿನ್ ಆರಿಸಿದಾಗ ಬೇರೆ ಮಾಡುತ್ತದೆ. ಗಾಡಿ ನಿಂತಿರುವಾಗ ಹೊರಗಿನ ಪ್ಲಗ್ಗಿನ ಕರೆಂಟಾಗಲಿ, ಗಾಡಿಯೊಳಗಿನ ಜನರೇಟರಿನ ಕರೆಂಟಾಗಲಿ ಕನ್ವರ್ಟರ್ ಎಂಬ ಪೆಟ್ಟಿಗೆಯ ಮೂಲಕ ಬ್ಯಾಟರಿಗೆ ಹೋಗುತ್ತದೆ. ಚಾವಣಿಯ ಮೇಲೆ ಸೋಲಾರ್ ಇದ್ದರೆ ಅದು ಇನ್ನೊಂದು ದಾರಿ. ಭಾವನ ಗಾಡಿಯಲ್ಲಿ ಸೋಲಾರ್ ಇರಲಿಲ್ಲ.

ಅಂದು ಸಂಜೆ, ಕ್ಯಾಂಪಿನವರು ಅನುಮತಿಸಿದ ಹೊತ್ತಿನಲ್ಲೇ, ಎರಡು ಗಂಟೆ ಜನರೇಟರ್ ಓಡಿಸಿದ್ದೆವು. "ಇನ್ನು ಬೆಳಗಿನವರೆಗೆ ಚಿಂತೆಯಿಲ್ಲ" ಎಂದು ಭಾವ ಹೇಳಿದ್ದರು. ಹಾಗಿದ್ದೂ ರಾತ್ರಿ ಎರಡಕ್ಕೆ ಬ್ಯಾಟರಿ ಬರಿದು. ಎಂಜಿನ್ ಸ್ಟಾರ್ಟ್ ಮಾಡಿದ್ದರೆ ಆಲ್ಟರ್ನೇಟರಿನಿಂದ ಚಾರ್ಜು ಸಿಗುತ್ತಿತ್ತು. ಆದರೆ ಸುತ್ತಲೂ ಡೇರೆಗಳಲ್ಲಿ ಮಕ್ಕಳು ಮರಿಗಳು ಮಲಗಿದ್ದ ಹೊತ್ತು. ಅಮ್ಮನಿಗೆ ನಮ್ಮ ಕಂಬಳಿಗಳನ್ನೂ ಹೊದಿಸಿ, ನಾವು ಸ್ವೆಟರು ಕೋಟು ಹಾಕಿಕೊಂಡು ಬೆಳಗಾಗುವುದನ್ನು ಕಾದೆವು.

ಕನ್ವರ್ಟರ್ ಮಾಡುವ ಕೆಲಸ

ನಮ್ಮಲ್ಲಿ ಯುಪಿಎಸ್ ಅಥವಾ ಇನ್ವರ್ಟರ್ ಎಂದು ಕರೆಯುವ ಪೆಟ್ಟಿಗೆ ಎರಡು ಕೆಲಸ ಮಾಡುತ್ತದೆ. ಕರೆಂಟಿದ್ದಾಗ ಬ್ಯಾಟರಿ ತುಂಬಿಸುತ್ತದೆ, ಹೋದಾಗ ಬ್ಯಾಟರಿಯಿಂದ 230 ವೋಲ್ಟ್ ಎಸಿ ಮಾಡಿ ಫ್ಯಾನು ಲೈಟು ನಡೆಸುತ್ತದೆ. ಮೋಟರ್‌ಹೋಮ್‌ನ ಕನ್ವರ್ಟರ್ ಇದರಲ್ಲಿ ಮೊದಲನೆಯ ಕೆಲಸವನ್ನಷ್ಟೇ ಮಾಡುತ್ತದೆ. ಅಮೆರಿಕದ 120 ವೋಲ್ಟ್ ಎಸಿಯನ್ನು 12 ವೋಲ್ಟ್ ಡಿಸಿಗೆ ಇಳಿಸಿ, ಒಂದೇ ಹೊತ್ತಿಗೆ ಲೈಟುಗಳನ್ನೂ ನಡೆಸುತ್ತದೆ, ಬ್ಯಾಟರಿಯನ್ನೂ ತುಂಬಿಸುತ್ತದೆ. ಬ್ಯಾಟರಿಯಿಂದ ಮಿಕ್ಸಿ ಓಡಿಸಬೇಕೆಂದರೆ ಇನ್ವರ್ಟರ್ ಬೇರೆಯೇ ಬೇಕು. ಈ ಎರಡು ಹೆಸರು ಕಲಸಿಹೋಗಿ ಅಂಗಡಿಯಲ್ಲಿ ಬೇಡದ ಪೆಟ್ಟಿಗೆ ಕೊಂಡು ತಂದವರಿದ್ದಾರೆ.

ಹಳೆಯ ಗಾಡಿಗಳ ಕನ್ವರ್ಟರಿನಲ್ಲಿ ಭಾರದ ಟ್ರಾನ್ಸ್‌ಫಾರ್ಮರ್ ಕೂತು ಗುಂಯ್‌ಗುಡುತ್ತಿರುತ್ತದೆ. ಅದು ಬ್ಯಾಟರಿ ಬರಿದಾಗಿದೆಯೋ ತುಂಬಿದೆಯೋ ನೋಡದೆ ಹೆಚ್ಚುಕಡಿಮೆ ಒಂದೇ ವೋಲ್ಟೇಜು ಕೊಡುತ್ತ ಹೋಗುತ್ತದೆ. ಬರಿದಾದ ಬ್ಯಾಟರಿಗೆ ಅದು ಸಾಲದು, ತುಂಬಿದ ಬ್ಯಾಟರಿಗೆ ಅದೇ ಹೆಚ್ಚು. ತಿಂಗಳುಗಟ್ಟಲೆ ಪ್ಲಗ್ ಹಾಕಿಟ್ಟರೆ ಬ್ಯಾಟರಿಯ ನೀರು ಆರುತ್ತದೆ.

ಈಗಿನವು ಹಂತ ನೋಡಿ ನಡೆಯುತ್ತವೆ. ಸಾಮಾನ್ಯವಾಗಿ ಬರಿದಾದ ಬ್ಯಾಟರಿಗೆ 14.4 ವೋಲ್ಟ್‌ವರೆಗೆ ಏರಿಸಿ ಬೇಗ ತುಂಬಿಸುತ್ತವೆ, ಆಮೇಲೆ 13.6ಕ್ಕೆ ಇಳಿಸುತ್ತವೆ, ಗಾಡಿ ಬಳಸದೆ ನಿಂತಿದ್ದರೆ 13.2ರಲ್ಲಿ ಕಾಯುತ್ತವೆ. ಪ್ರೊಗ್ರೆಸಿವ್ ಡೈನಮಿಕ್ಸ್ ಕಂಪನಿಯ ಕನ್ವರ್ಟರುಗಳು ಹೀಗೆ ಕಾಯುತ್ತಿರುವಾಗ 21 ಗಂಟೆಗೊಮ್ಮೆ 15 ನಿಮಿಷ 14.4ಕ್ಕೆ ಏರಿ ಬ್ಯಾಟರಿಯ ಆಮ್ಲವನ್ನು ಕಲಕಿ ಬರುತ್ತವೆ. ಇದು ತಿಳಿಯದವರು ಒಂದು ದಿನ 13.2, ಇನ್ನೊಂದು ದಿನ 14.4 ಕಂಡು ಕನ್ವರ್ಟರ್ ಕೆಟ್ಟಿದೆ ಎಂದುಕೊಳ್ಳುವುದುಂಟು. ಅದು ತನ್ನ ಕೆಲಸ ಮಾಡುತ್ತಿದೆ ಅಷ್ಟೇ.

ಬ್ಯಾಟರಿಯ ನಾಡಿ

ಸೀಸ–ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ತೋಂ ಪ್ಲಾಂತೆ 1859ರಲ್ಲಿ ಕಂಡುಹಿಡಿದರು. ಇಷ್ಟು ವರ್ಷವಾದರೂ ಅದರ ರಸಾಯನ ಬದಲಾಗಿಲ್ಲ. ಕರೆಂಟು ಕೊಡುವಾಗ ಎರಡೂ ಬಗೆಯ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಗಂಧಕಾಮ್ಲ ತೆಳುವಾಗುತ್ತ ನೀರಿನ ಕಡೆಗೆ ವಾಲುತ್ತದೆ. ಚಾರ್ಜು ಮಾಡಿದಾಗ ಸಲ್ಫೇಟ್ ಕರಗಿ ಆಮ್ಲ ಮತ್ತೆ ಗಟ್ಟಿಯಾಗುತ್ತದೆ. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಸಲ್ಫೇಟ್ ಹರಳುಗಟ್ಟಿ, ಮತ್ತೆ ಕರಗದಂತೆ ತಟ್ಟೆಯ ಮೇಲೆ ಕೂತುಬಿಡುತ್ತದೆ. ಬ್ಯಾಟರಿ ಅವಧಿಗೆ ಮುಂಚೆ ಸಾಯಲು ಮುಖ್ಯ ಕಾರಣ ಇದು.

ಒಳಗೆ ಆರು ಕೋಶ, ಒಂದೊಂದು ಸುಮಾರು 2.1 ವೋಲ್ಟ್. ಹಾಗಾಗಿ ಪೂರ್ತಿ ತುಂಬಿದ ಬ್ಯಾಟರಿ 12.6ರಿಂದ 12.7 ತೋರಿಸುತ್ತದೆ. 12.1 ಇದ್ದರೆ ಅರ್ಧ ಖಾಲಿ. 11.9ಕ್ಕೆ ಬಂದರೆ ಬಹುತೇಕ ಬರಿದು. ಕೊಡ ತುಂಬಿದ್ದಕ್ಕೂ ಬರಿದಾದದ್ದಕ್ಕೂ ನಡುವೆ ಒಂದು ವೋಲ್ಟ್‌ನಷ್ಟೂ ಅಂತರವಿಲ್ಲ. ಆದ್ದರಿಂದಲೇ "12 ವೋಲ್ಟ್ ಇದೆಯಲ್ಲ, ಬ್ಯಾಟರಿ ಚೆನ್ನಾಗಿದೆ" ಎನ್ನುವುದು ತಪ್ಪು. ದಶಾಂಶದ ಬಿಂದುವಿನ ಆಚೆಯ ಅಂಕಿಯೇ ಇಲ್ಲಿ ನಿಜವಾದ ಸುದ್ದಿ. ಅಳೆಯುವ ಮೊದಲು ಬ್ಯಾಟರಿ ಕೆಲವು ಗಂಟೆ ಚಾರ್ಜೂ ಇಲ್ಲದೆ ಲೋಡೂ ಇಲ್ಲದೆ ಸುಮ್ಮನಿದ್ದಿರಬೇಕು. ಈಗಷ್ಟೇ ಚಾರ್ಜಿನಿಂದ ಬಿಡಿಸಿದ್ದು ಹುಸಿಯಾಗಿ ಹೆಚ್ಚು ತೋರಿಸುತ್ತದೆ.

ನಮ್ಮ ಲೆಕ್ಕವನ್ನೇ ನೋಡಿ. ಭಾವನ ಬ್ಯಾಟರಿ 100 ಆಂಪಿಯರ್-ಅವರ್‌ನದು. ಹೀಟರಿನ ಫ್ಯಾನು 7 ಆಂಪಿಯರ್ ಎಳೆಯುತ್ತದೆ. ಚಳಿರಾತ್ರಿಯಲ್ಲಿ ಹತ್ತು ಗಂಟೆಯಲ್ಲಿ ಅರ್ಧ ಹೊತ್ತು ಓಡಿದರೂ 35 ಹೋಯಿತು. ಲೈಟು, ಪಂಪು, ಫ್ರಿಜ್‌ನ ಬೋರ್ಡು, ಎಚ್ಚರಿಕೆಯ ಪೆಟ್ಟಿಗೆ ಸೇರಿ ದಿನಕ್ಕೆ 25 ಎಂದುಕೊಳ್ಳಿ. ಒಂದು ದಿನಕ್ಕೆ ಸುಮಾರು 60. ಹೊಸದಾಗಿ ಏನೂ ತುಂಬದಿದ್ದರೆ ಎರಡನೆಯ ರಾತ್ರಿ ದಾಟುವಂತಿಲ್ಲ. ಲೆಕ್ಕ ಸರಿಯಾಗಿ ರಾತ್ರಿ ಎರಡು ಗಂಟೆಗೆ ಬಂದು ನಿಂತಿತ್ತು. ಎರಡು ಗಂಟೆ ಓಡಿದ ಜನರೇಟರಿನಿಂದ ಬ್ಯಾಟರಿಗೆ ಏನೇನೂ ಹೋಗಿಲ್ಲ ಎಂದು ಇದರಿಂದಲೇ ಅನುಮಾನ ಬಂತು.

ಅಳೆಯುತ್ತ ಹೋದ ಬೆಳಗು

ಬೆಳಕು ಹರಿದ ಮೇಲೆ ಭಾವ ಮೊದಲು ಹೇಳಿದ್ದು, "ಈ ಬ್ಯಾಟರಿ ತಂದು ಒಂದು ತಿಂಗಳೂ ಆಗಿಲ್ಲ. ಕನ್ವರ್ಟರೇ ಕೆಟ್ಟಿರಬೇಕು, ಹೊಸದು ತರಿಸ್ತೀನಿ."

"ಸ್ವಲ್ಪ ತಡೀರಿ ಭಾವ, ಅಳೆದು ನೋಡೋಣ" ಎಂದೆ. ಹಳೆಯ ಬ್ಯಾಟರಿಯನ್ನು ಅವರು ಎಸೆದಿದ್ದೂ ಹೀಗೇ, ಅಳೆಯದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಈ ಗಾಡಿಗಳ ಲೋಕದಲ್ಲಿ ದಿನಾ ನಡೆಯುತ್ತದೆ, ಒಂದೊಂದು ಬರೆಗೂ ನೂರಾರು ಡಾಲರ್ ಬೆಲೆ.

ಟೂಲ್‌ಬಾಕ್ಸಿನಲ್ಲಿ ಒಂದು ಸಾಧಾರಣ ಮಲ್ಟಿಮೀಟರ್ ಇತ್ತು. ಮೆಟ್ಟಿಲ ಕೆಳಗಿನ ಪೆಟ್ಟಿಗೆ ತೆರೆದು, ಲೈಟು ಹೀಟರು ಎಲ್ಲ ಆರಿಸಿ, ಮೊದಲ ಅಳತೆ ಬ್ಯಾಟರಿಯ ಎರಡು ಟರ್ಮಿನಲ್ ನಡುವೆ. 11.3. ಬರಿದಾಗಿರುವುದು ಖಾತ್ರಿಯಾಯಿತು.

ಜನರೇಟರ್ ಓಡಿಸುವ ಹೊತ್ತು ಬಂದ ಮೇಲೆ ಚಾಲೂ ಮಾಡಿ, ಎರಡು ಮೂರು ನಿಮಿಷ ಕಾದು ಅದೇ ಜಾಗದಲ್ಲಿ ಎರಡನೆಯ ಅಳತೆ ತೆಗೆದೆ. ಚಾರ್ಜು ಬರುತ್ತಿದ್ದರೆ ಅಂಕಿ ಏರಬೇಕು. ಅದು 11.3ರಲ್ಲೇ ಕೂತಿತ್ತು. ಇಷ್ಟರಿಂದಲೇ ಅರ್ಧ ರೋಗ ತಿಳಿಯಿತು. ಬ್ಯಾಟರಿ ಚಾರ್ಜನ್ನು ಒಲ್ಲೆನೆನ್ನುತ್ತಿಲ್ಲ, ಚಾರ್ಜೇ ಅದರವರೆಗೆ ಬರುತ್ತಿಲ್ಲ.

ಮೂರನೆಯ ಅಳತೆ ಕನ್ವರ್ಟರ್ ಹತ್ತಿರ. ಇದು ಡೈನಿಂಗ್ ಬೆಂಚಿನ ಅಡಿಯಲ್ಲಿ, ಪಾದರಕ್ಷೆ ಡಬ್ಬದಷ್ಟು ಗಾತ್ರದ ಪೆಟ್ಟಿಗೆ. ಅದು ಬ್ಯಾಟರಿ ಕಡೆಗೆ ಕೊಡುವ ಟರ್ಮಿನಲ್ಲುಗಳಲ್ಲೂ 11.3. ಇಲ್ಲಿ 13.6ರ ಆಸುಪಾಸು ಬಂದಿದ್ದರೆ ತಪ್ಪು ನಡುದಾರಿಯ ತಂತಿಯಲ್ಲಿದೆ ಎಂದಾಗುತ್ತಿತ್ತು. ಎರಡೂ ತುದಿಯಲ್ಲಿ ಒಂದೇ ಅಂಕಿ ಬಂದದ್ದರಿಂದ ತಂತಿ ಅಖಂಡವಾಗಿದೆ, ಕನ್ವರ್ಟರ್ ಏನನ್ನೂ ಸೇರಿಸುತ್ತಿಲ್ಲ ಎಂದು ಗೊತ್ತಾಯಿತು.

ಹಾಗಾದರೆ ಕನ್ವರ್ಟರಿಗೆ 120 ವೋಲ್ಟ್ ಬರುತ್ತಿದೆಯೇ? ಅದರ ವೈರು ಒಂದು ಮಾಮೂಲು ಸಾಕೆಟ್ಟಿಗೇ ಸಿಕ್ಕಿಸಿತ್ತು. ಪ್ಲಗ್ ತೆಗೆದು ಆ ಜಾಗಕ್ಕೆ ಅಕ್ಕನ ಮೊಬೈಲ್ ಚಾರ್ಜರ್ ಹಾಕಿದೆವು. ಮೊಬೈಲ್ ಚಾರ್ಜಾಗತೊಡಗಿತು. ಸಾಕೆಟ್ಟು ಸರಿ, ಬ್ರೇಕರ್ ಸರಿ, ಜನರೇಟರ್ ಸರಿ. 120 ವೋಲ್ಟಿನ ಕಡೆ ಮುಚ್ಚಳ ಬಿಚ್ಚದೆಯೇ ಇಷ್ಟು ತಿಳಿದುಕೊಳ್ಳಬಹುದು. ಅಲ್ಲಿಂದಾಚೆ ಒಳಗೆ ಕೈಹಾಕುವುದು ಎಲೆಕ್ಟ್ರಿಷಿಯನ್ ಕೆಲಸ.

ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ. ಕನ್ವರ್ಟರನ್ನು ಎಸೆಯುವ ಮೊದಲು ನೋಡಬೇಕಾದ ಜಾಗ ಇನ್ನೊಂದಿತ್ತು. ಪೆಟ್ಟಿಗೆಯ ಪಕ್ಕದಲ್ಲೇ, ಕಾರುಗಳಲ್ಲಿರುವಂಥ ಎರಡು ಹಸಿರು ಫ್ಯೂಸು, 30 ಆಂಪಿಯರ್‌ನವು. ಜನರೇಟರ್ ನಿಲ್ಲಿಸಿ, ಬ್ಯಾಟರಿಯ ತಂತಿ ಬಿಚ್ಚಿ, ಒಂದನ್ನು ಕಿತ್ತು ಬೆಳಕಿಗೆ ಹಿಡಿದೆ. ನಡುವಿನ ತಗಡಿನ ಬಿಲ್ಲು ಕಡಿದುಹೋಗಿ ಪ್ಲಾಸ್ಟಿಕ್ಕಿನ ಒಳಮೈ ಕಪ್ಪಾಗಿತ್ತು. ಇನ್ನೊಂದೂ ಹಾಗೇ.

ಕಪ್ಪು ತಂತಿ

"ಭಾವ, ಹೊಸ ಬ್ಯಾಟರಿ ಹಾಕಿದಾಗ ಕಿಡಿ ಏನಾದರೂ ಹಾರಿತಾ?"

ಭಾವ ಸ್ವಲ್ಪ ಯೋಚಿಸಿದರು. "ಹಾರಿತು ಕಣೋ. ಒಂದೇ ಸಲ, ಚಟ್ ಅಂತ. ಕಪ್ಪು ತಂತಿ ಮೈನಸ್ ಅಲ್ವಾ ಅಂತ ಮೈನಸ್‌ಗೇ ಹಾಕಿದೆ. ಕಿಡಿ ಬಂದಿದ್ದೇ ತಡ, ತೆಗೆದು ತಿರುಗಿಸಿ ಹಾಕಿದೆ. ಆಮೇಲೆ ಎಲ್ಲಾ ಲೈಟೂ ಚೆನ್ನಾಗೇ ಉರೀತಲ್ಲ!"

ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ನಮ್ಮಲ್ಲಿ ಕಾರಿರಲಿ, ಟ್ರ್ಯಾಕ್ಟರಿರಲಿ, ಯುಪಿಎಸ್ ಇರಲಿ, ಕೆಂಪು ಪ್ಲಸ್, ಕಪ್ಪು ಮೈನಸ್. ಮನೆ ವೈರಿಂಗಿನಲ್ಲೂ ಕಪ್ಪು ಎಂದರೆ ನ್ಯೂಟ್ರಲ್. ಅಮೆರಿಕದ ಮನೆಗಳಲ್ಲಿ ಕಪ್ಪು ತಂತಿಯೇ ಫೇಸ್, ಬಿಳಿಯದು ನ್ಯೂಟ್ರಲ್. ಅಲ್ಲಿನ ಎಷ್ಟೋ ಮೋಟರ್‌ಹೋಮ್‌ಗಳ ಮನೆಭಾಗದ 12 ವೋಲ್ಟ್ ವೈರಿಂಗಿನಲ್ಲೂ ಇದೇ ರೂಢಿ ನಡೆದುಬಂದಿದೆ: ಕಪ್ಪು ಪ್ಲಸ್, ಬಿಳಿ ಮೈನಸ್. ಅದೇ ಗಾಡಿಯ ಎಂಜಿನ್ ಭಾಗದಲ್ಲಿ ಮಾತ್ರ ಕಾರಿನ ರೂಢಿ, ಕಪ್ಪು ಮೈನಸ್. ಒಂದೇ ಗಾಡಿಯೊಳಗೆ ಒಂದೇ ಬಣ್ಣಕ್ಕೆ ಎರಡು ಅರ್ಥ. ಅಮೆರಿಕದಲ್ಲೇ ಹುಟ್ಟಿ ಬೆಳೆದವರೂ ಇಲ್ಲಿ ಎಡವುತ್ತಾರೆ.

ಇದನ್ನು ಬಲ್ಲ ತಯಾರಕರು ಕನ್ವರ್ಟರಿಗೆ ಆ ಫ್ಯೂಸುಗಳನ್ನು ಕೊಟ್ಟಿರುತ್ತಾರೆ. ಬ್ಯಾಟರಿಯನ್ನು ತಿರುಗುಮುರುಗಾಗಿ ಒಂದು ಕ್ಷಣ ಮುಟ್ಟಿಸಿದರೂ ಅವು ಹಾರಿ ಒಳಗಿನ ಡಯೋಡು, ಬೋರ್ಡುಗಳನ್ನು ಉಳಿಸುತ್ತವೆ. ತೊಂದರೆಯೆಂದರೆ ಅವು ಹಾರಿದ್ದು ಯಾರಿಗೂ ತಿಳಿಯುವುದಿಲ್ಲ. ಹೊಸ ಬ್ಯಾಟರಿ ತುಂಬಿಕೊಂಡೇ ಬಂದಿರುತ್ತದೆ, ಲೈಟು ಉರಿಯುತ್ತವೆ. ಫೀನಿಕ್ಸ್‌ನಿಂದ ನಾಲ್ಕು ಗಂಟೆ ದಾರಿಯಲ್ಲಿ ಆಲ್ಟರ್ನೇಟರ್ ಬೇರೆ ತುಂಬಿಸಿತ್ತು. ಕನ್ವರ್ಟರ್ ಹತ್ತಿರಹತ್ತಿರ ಒಂದು ತಿಂಗಳಿಂದ ಕೆಲಸ ಬಿಟ್ಟಿದ್ದು ಬಯಲಾಗಲು ಎರಡು ರಾತ್ರಿ ಒಂದೇ ಕಡೆ ನಿಲ್ಲಬೇಕಾಯಿತು.

ಕೆಲವು ಗಾಡಿಗಳಲ್ಲಿ ಈ ಫ್ಯೂಸು ಕನ್ವರ್ಟರ್ ಮೈಮೇಲಿರದೆ ಡಿಸಿ ಫ್ಯೂಸ್ ಬೋರ್ಡಿನಲ್ಲಿ, ಬ್ಯಾಟರಿ ತಂತಿ ಬಂದು ಸೇರುವಲ್ಲಿ ಇರುತ್ತದೆ. ಆಗ ಲಕ್ಷಣ ಬೇರೆ. ಪ್ಲಗ್ ಹಾಕಿದಾಗ ಎಲ್ಲ ಲೈಟೂ ಉರಿಯುತ್ತವೆ, ಪ್ಲಗ್ ತೆಗೆದ ಗಳಿಗೆಯೇ ಕತ್ತಲು. ಬ್ಯಾಟರಿಯಲ್ಲಿ 12.6 ಇದ್ದೂ ಮನೆ ಕತ್ತಲಾದರೆ ಮೊದಲು ನೋಡಬೇಕಾದದ್ದು ಅಲ್ಲಿ.

ಭಾವನ ಡಬ್ಬಿಯಲ್ಲಿ ಬಿಡಿ ಫ್ಯೂಸುಗಳಿದ್ದವು. ಅಷ್ಟೇ ಆಂಪಿಯರ್‌ನ ಎರಡನ್ನು ಕೂರಿಸಿ, ತಂತಿ ಜೋಡಿಸಿ, ಜನರೇಟರ್ ಚಾಲೂ ಮಾಡಿದೆವು. ಅಕ್ಕನ ಮಗಳು ಮೀಟರ್ ಹಿಡಿದು ಕೂಗಿ ಹೇಳುತ್ತಿದ್ದಳು: "12.8, ಮಾಮ... 12.9... 13.1 ಆಯ್ತು!" ಹತ್ತು ನಿಮಿಷದಲ್ಲಿ 13.4. ಖರ್ಚಾದದ್ದು ಎರಡು ಫ್ಯೂಸು. ಕೊಳ್ಳಲು ಹೊರಟಿದ್ದ ಕನ್ವರ್ಟರಿನ ಬೆಲೆ ಉಳಿಯಿತು.

ಕೊನೆ ಭಾಗದ ಗದ್ದೆ

ಎಲ್ಲ ಗಾಡಿಯ ಕಥೆ ಫ್ಯೂಸಿಗೆ ಮುಗಿಯುವುದಿಲ್ಲ. ಕನ್ವರ್ಟರ್ ಬಳಿ 13.6 ಇದ್ದು ಬ್ಯಾಟರಿ ಬಳಿ 12.6 ಮಾತ್ರ ಬರುವುದು ಇನ್ನೂ ಸಾಮಾನ್ಯ. ಇದು ನಾಲೆಯ ಕಥೆ. ಅಣೆಕಟ್ಟಿನಲ್ಲಿ ತೂಬು ಎತ್ತಿದ್ದಾರೆ, ಮೇಲಿನ ಗದ್ದೆಗಳಲ್ಲಿ ನೀರು ನಿಂತಿದೆ, ಕೊನೆ ಭಾಗದ ರೈತನ ಗದ್ದೆ ಬಿರುಕು ಬಿಟ್ಟಿದೆ. ಅವನು ಅಣೆಕಟ್ಟಿಗೆ ಹೋಗಿ ಪ್ರಯೋಜನವಿಲ್ಲ. ನಾಲೆಯ ಏರಿಯ ಮೇಲೆ ನಡೆಯುತ್ತ, ಹೂಳು ತುಂಬಿದ್ದೆಲ್ಲಿ ಎಂದು ನೋಡಬೇಕು.

ತಂತಿಯ ದಾರಿಯ ಹೂಳೆಂದರೆ ತುಕ್ಕು, ಸಡಿಲ ಬೋಲ್ಟು, ಸಣ್ಣ ಗೇಜಿನ ತಂತಿ. ಒಂದು ಜೋಡಣೆಯಲ್ಲಿ 0.05 ಓಮ್ ತಡೆ ಇದೆ ಎಂದುಕೊಳ್ಳಿ, ಕಣ್ಣಿಗೂ ಕಾಣದಷ್ಟು ಅಲ್ಪ. 20 ಆಂಪಿಯರ್ ಹರಿದರೆ ಅಲ್ಲಿ ಒಂದು ವೋಲ್ಟ್ ಕಳೆದುಹೋಗುತ್ತದೆ, 20 ವಾಟ್ ಶಾಖವಾಗಿ ಸುಡುತ್ತದೆ. ತುಂಬಿದ ಬ್ಯಾಟರಿಗೂ ಬರಿದಾದದ್ದಕ್ಕೂ ಇರುವ ಅಂತರವೇ ಒಂದು ವೋಲ್ಟ್‌ಗಿಂತ ಕಡಿಮೆ ಎಂಬುದನ್ನು ನೆನೆದರೆ, ಈ ನಷ್ಟ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಹುಡುಕುವ ಕ್ರಮ ಸುಲಭ. ಕರೆಂಟು ಹರಿಯುತ್ತಿರುವಾಗ ಮೀಟರಿನ ಒಂದು ಕಡ್ಡಿ ಕನ್ವರ್ಟರಿನ ಪ್ಲಸ್‌ಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ. ಸರಿಯಿದ್ದರೆ ಸೊನ್ನೆಯ ಹತ್ತಿರ ತೋರಿಸುತ್ತದೆ. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಪ್ಲಸ್ ದಾರಿಯಲ್ಲಿ ಹೂಳಿದೆ. ದಾರಿಯಲ್ಲಿರುವ ಡಿಸ್‌ಕನೆಕ್ಟ್ ಸ್ವಿಚ್ಚು, ಬ್ಯಾಟರಿ ಪಕ್ಕದ ಬ್ರೇಕರ್, ಒಂದೊಂದನ್ನೂ ಹೀಗೇ ಅಳೆಯುತ್ತ ಬನ್ನಿ. ಮೈನಸ್ ಕಡೆಯೂ ಅದೇ ರೀತಿ. ಹೆಚ್ಚಿನ ಸಲ ಕಳ್ಳ ಸಿಗುವುದು ಮೈನಸ್ ಕಡೆಯಲ್ಲೇ, ತಂತಿಯನ್ನು ಚಾಸಿಗೆ ಬಿಗಿದ ಬೋಲ್ಟಿನಲ್ಲಿ. ರಸ್ತೆಯ ಕೆಸರು, ಹಿಮ ಕರಗಿಸಲು ಸುರಿದ ಉಪ್ಪು ಎಲ್ಲ ಸಿಡಿದು ಅಲ್ಲಿ ತುಕ್ಕು ಹಿಡಿದಿರುತ್ತದೆ. ಬ್ಯಾಟರಿಯ ತಂತಿ ಕಳಚಿ, ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿದರೆ ಎಷ್ಟೋ ಗಾಡಿಗಳು ಸರಿಹೋಗುತ್ತವೆ.

ಚಾರ್ಜು ಬಂದರೂ ನಿಲ್ಲದಿದ್ದರೆ

ಬ್ಯಾಟರಿಯ ಮೇಲೆಯೇ 13.6ರಿಂದ 14.4 ಬರುತ್ತಿದೆ, ರಾತ್ರಿಯಿಡೀ ಪ್ಲಗ್ ಇತ್ತು, ಆದರೂ ಬಿಡಿಸಿದ ಮೇಲೆ ಎರಡು ಗಂಟೆಯಲ್ಲಿ ಬರಿದು. ಆಗ ತಪ್ಪು ಬ್ಯಾಟರಿಯದು. ಮುಚ್ಚಳ ತೆಗೆಯುವ ಬಗೆಯದಾದರೆ ಹೈಡ್ರೋಮೀಟರ್ ಹಾಕಿ ಆರೂ ಕೋಶಗಳ ಆಮ್ಲದ ಸಾಪೇಕ್ಷ ಸಾಂದ್ರತೆ ನೋಡಬೇಕು. ತುಂಬಿದ ಕೋಶ ಸುಮಾರು 1.265 ತೋರಿಸುತ್ತದೆ. ಐದು ಕೋಶ ಸರಿಯಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಕೋಶ ಸತ್ತಿದೆ, ಬ್ಯಾಟರಿ ಬದಲಿಸಲೇಬೇಕು.

ಬ್ಯಾಟರಿ ತುಂಬಿದ ಮೇಲೂ ಚಾರ್ಜು 15 ವೋಲ್ಟ್ ದಾಟುತ್ತಿದ್ದರೆ ಕನ್ವರ್ಟರಿನ ಹಿಡಿತ ತಪ್ಪಿದೆ. ನೀರು ಕುದಿದಂತೆ ಗುಳ್ಳೆ ಏಳುತ್ತದೆ, ಬ್ಯಾಟರಿ ಮೈ ಸುಡುತ್ತದೆ, ಕೊಳೆತ ಮೊಟ್ಟೆಯ ನಾತ ಬರುತ್ತದೆ. ತಕ್ಷಣ ಪ್ಲಗ್ ತೆಗೆದು, ಕಿಟಕಿ ಬಾಗಿಲು ತೆರೆದು, ಎಲ್ಲರೂ ಹೊರಗೆ ಬರಬೇಕು.

ಇನ್ನೊಂದು ಕಾಣದ ಕಳ್ಳತನ, ನಿಂತ ಗಾಡಿಯದು. ಎಲ್ಲ ಸ್ವಿಚ್ಚು ಆರಿಸಿದರೂ ಗ್ಯಾಸ್ ಎಚ್ಚರಿಕೆಯ ಪೆಟ್ಟಿಗೆ, ರೇಡಿಯೊ, ಬೋರ್ಡುಗಳು ಸೇರಿ ಅರ್ಧ ಆಂಪಿಯರ್ ಎಳೆದರೂ ದಿನಕ್ಕೆ 12 ಆಂಪಿಯರ್-ಅವರ್ ಹೋಗುತ್ತದೆ. ನಾಲ್ಕು ದಿನದಲ್ಲಿ 100ರ ಬ್ಯಾಟರಿ ಅರ್ಧಕ್ಕೆ ಇಳಿಯುತ್ತದೆ. ಚಳಿಗಾಲಕ್ಕೆ ಗಾಡಿ ನಿಲ್ಲಿಸುವವರು ಬ್ಯಾಟರಿ ತುಂಬಿಸಿ, ಡಿಸ್‌ಕನೆಕ್ಟ್ ಸ್ವಿಚ್ಚು ಆರಿಸಿಡಬೇಕು. ತುಂಬಿದ ಬ್ಯಾಟರಿಯ ಆಮ್ಲ ಸಾಮಾನ್ಯ ಚಳಿಗಾಲದ ಚಳಿಗೆ ಹೆಪ್ಪುಗಟ್ಟದು. ಬರಿದಾದದ್ದು ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ ಹೋದರೆ ಮಂಜುಗಡ್ಡೆಯಾಗಿ ಡಬ್ಬಿ ಸೀಳಬಹುದು.

ಲಿಥಿಯಂ ಹಾಕುವ ಮುನ್ನ

ಈಚೆಗೆ ಅನೇಕರು ಸೀಸ ತೆಗೆದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕುತ್ತಿದ್ದಾರೆ. ಇದರ ಮೂಲ ಸಂಶೋಧನೆ ಟೆಕ್ಸಾಸ್‌ನಲ್ಲಿ ಜಾನ್ ಗುಡ್‌ಎನಫ್ ಅವರ ಬಳಗದ್ದು. 1997ರ ಆ ಪ್ರಬಂಧದ ಲೇಖಕರಲ್ಲಿ ಪಾಧಿ, ನಂಜುಂಡಸ್ವಾಮಿ ಎಂಬ ಹೆಸರುಗಳಿರುವುದು ನಮಗೆ ಸಂತೋಷದ ಸಂಗತಿ. ಇದು ಹಗುರ, ಬಾಳಿಕೆ ಹೆಚ್ಚು, ಬಹುಪಾಲು ಬರಿದು ಮಾಡಿದರೂ ಕೆಡುವುದಿಲ್ಲ.

ಆದರೆ ಸೀಸದ ಅಳತೆಗೋಲು ಇದಕ್ಕೆ ಹೊಂದದು. ಸುಮ್ಮನಿರುವಾಗಲೇ ಇದು ಸುಮಾರು 13.3 ತೋರಿಸುತ್ತದೆ, ಬಹುತೇಕ ಬರಿದಾಗುವವರೆಗೂ ಅಲ್ಲೇ ಆಸುಪಾಸಿನಲ್ಲಿರುತ್ತದೆ. ಹಳೆಯ ಕನ್ವರ್ಟರಿನ 13.6ರಿಂದ ಅದು ಪೂರ್ತಿ ತುಂಬಲು ಬಹಳ ಹೊತ್ತು ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜು ಮಾಡಿದರೆ ಒಳಗೆ ಕೆಡುತ್ತದೆ. ಆಲ್ಟರ್ನೇಟರಿನಿಂದಲೂ ಹಿಡಿತವಿಲ್ಲದಷ್ಟು ಎಳೆದು ಅದನ್ನೇ ಕಾಯಿಸುವ ಅಪಾಯವಿದೆ, ಆದ್ದರಿಂದ ನಡುವೆ ಡಿಸಿ–ಡಿಸಿ ಚಾರ್ಜರ್ ಬೇಕು. ಬ್ಯಾಟರಿಯೊಂದನ್ನೇ ಬದಲಿಸಿದರೆ ಸಾಲದು, ತುಂಬಿಸುವ ದಾರಿಯನ್ನೂ ಅದಕ್ಕೆ ಹೊಂದಿಸಬೇಕು.

ಕೈಯಿಡುವ ಮುನ್ನ

12 ವೋಲ್ಟ್ ಮೈಗೆ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯ ಬೇಡ. ಸ್ಪ್ಯಾನರ್ ಜಾರಿ ಎರಡು ಟರ್ಮಿನಲ್ಲಿಗೂ ತಾಗಿದರೆ ನೂರಾರು ಆಂಪಿಯರ್ ಹರಿದು ಕಬ್ಬಿಣವೇ ಕೆಂಪಗೆ ಕಾಯುತ್ತದೆ. ಬೆರಳಿನ ಉಂಗುರ, ಕೈಗಡಿಯಾರ, ಬಳೆ ತೆಗೆದಿಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಚಾರ್ಜಾಗುವ ಸೀಸದ ಬ್ಯಾಟರಿ ಜಲಜನಕ ಬಿಡುತ್ತದೆ, ಹತ್ತಿರ ಬೆಂಕಿ, ಸಿಗರೇಟು, ಕಿಡಿ ಕೂಡದು. ಆಮ್ಲ ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿ. ಸಿಡಿದರೆ ಧಾರಾಳ ನೀರಿನಿಂದ ತೊಳೆಯುತ್ತ ಡಾಕ್ಟರ ಬಳಿ ಓಡಬೇಕು. ಟರ್ಮಿನಲ್ ಮೇಲಿನ ಪುಡಿಗೆ ಅಡುಗೆ ಸೋಡಾ ಕಲಸಿದ ನೀರು ಸಾಕು. ಬ್ಯಾಟರಿಗೆ ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಚಾರ್ಜು ತುಂಬಿದ ಮೇಲೆ. ಹಾರಿದ ಫ್ಯೂಸಿನ ಜಾಗಕ್ಕೆ ಹೆಚ್ಚಿನ ಆಂಪಿಯರ್‌ನದನ್ನಾಗಲಿ ತಾಮ್ರದ ಎಳೆಯನ್ನಾಗಲಿ ಹಾಕಬೇಡಿ. ಸುಡುವುದು ಆಗ ಫ್ಯೂಸಲ್ಲ, ಮನೆ.

ಊರಿನಲ್ಲಿ ಯುಪಿಎಸ್ ಇಟ್ಟುಕೊಂಡವರಿಗೂ ಇದೆಲ್ಲ ಅನ್ವಯಿಸುತ್ತದೆ. "ಬ್ಯಾಕಪ್ ಬರ್ತಿಲ್ಲ" ಎಂದ ಕೂಡಲೇ ಹದಿನೈದು ಸಾವಿರ ಕೊಟ್ಟು ಹೊಸ ಬ್ಯಾಟರಿ ತರುವ ಮೊದಲು, ಕರೆಂಟಿದ್ದಾಗ ಬ್ಯಾಟರಿಯ ಮೇಲೆ ಎಷ್ಟು ವೋಲ್ಟ್ ಬರುತ್ತಿದೆ ಎಂದು ಒಮ್ಮೆ ಅಳೆಯಿಸಿ. ತುಕ್ಕು ಹಿಡಿದ ಟರ್ಮಿನಲ್ಲೊಂದನ್ನು ಉಜ್ಜಿದರೆ ಮುಗಿಯುವ ಕೆಲಸಕ್ಕೆ ಸಂಬಳದ ಹಣ ಸುರಿಯುವುದನ್ನು ನಾನು ನೆರೆಹೊರೆಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಹೀಗೆ ಎಸೆದ ಬ್ಯಾಟರಿಯ ಸೀಸ ಎಲ್ಲೆಲ್ಲೋ ಒಡೆದು ಕರಗಿಸುವವರ ಕೈಗೆ ಸಿಕ್ಕರೆ ಅವರ ಮಕ್ಕಳ ಮೈಗೂ ಸೇರುತ್ತದೆ. ಅಳೆಯುವುದು ಹಣ ಉಳಿಸುವ ಮಾತಷ್ಟೇ ಅಲ್ಲ.

ಅಂದು ಮೂರು ಗಂಟೆ ಜನರೇಟರ್ ಓಡಿಸಿ ಬ್ಯಾಟರಿಯನ್ನು ಮುಕ್ಕಾಲು ಪಾಲು ತುಂಬಿಸಿದೆವು. ಕೊನೆಯ ಕಾಲು ಪಾಲು ನಿಧಾನವಾಗಿಯೇ ತುಂಬಬೇಕು, ಅದಕ್ಕೆ ಆತುರ ನಡೆಯದು. ಮಧ್ಯಾಹ್ನ ಅಕ್ಕನ ಮಗಳು ಕೆಂಪು ಇನ್ಸುಲೇಶನ್ ಟೇಪು ತಂದು ಬ್ಯಾಟರಿಯ ಕಪ್ಪು ತಂತಿಗೆ ಎರಡು ಸುತ್ತು ಸುತ್ತಿದಳು. ಅದರ ಮೇಲೆ ಮಾರ್ಕರಿನಿಂದ ದೊಡ್ಡದಾಗಿ ಪ್ಲಸ್ ಗುರುತು ಬರೆದು, ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದಳು: ಕಪ್ಪು ಪ್ಲಸ್, ಬಿಳಿ ಮೈನಸ್, ಮೊದಲು ಮೀಟರ್ ಇಟ್ಟು ನೋಡಿ. ಮುಂದೆ ಈ ಗಾಡಿ ಯಾರ ಕೈಗೆ ಹೋದರೂ ಅವರಿಗೆ ಅದು ಬೇಕಾಗುತ್ತದೆ.

ರಾತ್ರಿ ಎರಡು ಗಂಟೆಗೆ ನನಗೆ ತಾನಾಗಿಯೇ ಎಚ್ಚರವಾಯಿತು. ಹೀಟರಿನ ಫ್ಯಾನು ಒಂದೇ ಸಮನೆ ಓಡುತ್ತಿತ್ತು. ಅಮ್ಮ ಒಂದು ಕಂಬಳಿಯನ್ನು ಕಾಲ ಬುಡಕ್ಕೆ ಸರಿಸಿ ಮಲಗಿದ್ದರು.